ತರಗತಿಯಲ್ಲಿ ವಿಆರ್: ಬೆರಗು ಕಲಿಕೆಯಾಗಬೇಕಾದರೆ

ಕಣ್ಣುಗಳನ್ನು ಪೂರ್ತಿ ಮುಚ್ಚುವ, ಒಳಗೆ ಪರದೆಯಿರುವ ಹೆಡ್‌ಸೆಟ್ ಧರಿಸಿದ ವಿದ್ಯಾರ್ಥಿ ಮೊದಲ ಅರ್ಧ ನಿಮಿಷದಲ್ಲೇ ಬಾಯಿ ತೆರೆದು ಸುತ್ತಲೂ ತಿರುಗಿ ನೋಡುವುದನ್ನು ಕಂಡಾಗ, ಪಾಠ ಆಗಲೇ ತಲೆಗೆ ಇಳಿಯಿತೆಂದು ಶಿಕ್ಷಕರಿಗೆ ಅನಿಸುವುದು ಸಹಜ. ಆದರೆ ಕಂಪ್ಯೂಟರ್ ರಚಿಸಿದ ದೃಶ್ಯದ ಒಳಗೇ ಇದ್ದೇವೆಂಬ ಅನುಭವ ಕೊಡುವ ವರ್ಚುವಲ್ ರಿಯಾಲಿಟಿ, ಅಂದರೆ ವಿಆರ್, ಕಲಿಕೆಯ ಮೇಲೆ ಬೀರುವ ಪರಿಣಾಮವನ್ನು ಅಳೆದು ನೋಡಿದವರ ಅನುಭವ ಅಷ್ಟು ಸರಳವಾಗಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೋಸ್ಲಿನ್ ಪರೋಂಗ್ ಮತ್ತು ರಿಚರ್ಡ್ ಮೇಯರ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಕ್ತನಾಳದೊಳಗೆ ಸಾಗುವ ವಿಆರ್ ಪಾಠವನ್ನು ಒಂದು ಗುಂಪಿಗೂ ಅದೇ ವಿಷಯದ ಸಾಧಾರಣ ಸ್ಲೈಡುಗಳನ್ನು ಇನ್ನೊಂದು ಗುಂಪಿಗೂ ಕೊಟ್ಟಿದ್ದರು. ವಿಆರ್ ಕಂಡವರಲ್ಲಿ ಆಸಕ್ತಿ, ಉತ್ಸಾಹ ಎರಡೂ ಹೆಚ್ಚಾಗಿದ್ದವು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದದ್ದು ಮಾತ್ರ ಸ್ಲೈಡು ನೋಡಿದವರಿಗೆ. ಮರುವರ್ಷ ಗುಯಿಡೊ ಮಕ್ರಾನ್ಸ್ಕಿ ಮತ್ತು ಸಂಗಡಿಗರು ಒಂದೇ ಪ್ರಯೋಗಾಲಯ ಸಿಮ್ಯುಲೇಶನ್ನನ್ನು ಕಂಪ್ಯೂಟರ್ ಪರದೆಯಲ್ಲೂ ಹೆಡ್‌ಸೆಟ್ಟಿನಲ್ಲೂ 52 ಮಂದಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಕೊಟ್ಟು ನೋಡಿದಾಗಲೂ ಫಲಿತಾಂಶ ಇದೇ ದಿಕ್ಕಿನಲ್ಲಿತ್ತು. ಹೆಡ್‌ಸೆಟ್ ತೊಟ್ಟವರಿಗೆ ತಾವು ಅಲ್ಲೇ ಇದ್ದೇವೆಂಬ ಭಾವ ಹೆಚ್ಚಾಗಿತ್ತು, ಕಲಿತದ್ದು ಕಡಿಮೆಯಾಗಿತ್ತು.

ಇದನ್ನು ಓದಿ ಹೆಡ್‌ಸೆಟ್ಟುಗಳನ್ನು ಕಪಾಟಿಗೆ ಸೇರಿಸಬೇಕಾಗಿಲ್ಲ. ಪರೋಂಗ್ ಮತ್ತು ಮೇಯರ್ ಅದೇ ಅಧ್ಯಯನದ ಎರಡನೆಯ ಪ್ರಯೋಗದಲ್ಲಿ ವಿಆರ್ ಪಾಠವನ್ನು ತುಂಡುಗಳಾಗಿ ಒಡೆದು, ಪ್ರತಿ ತುಂಡು ಮುಗಿದ ಮೇಲೆ ವಿದ್ಯಾರ್ಥಿಗಳಿಂದ ಸಾರಾಂಶ ಬರೆಸಿದರು. ಬರೆದವರು, ಎಲ್ಲವನ್ನೂ ಒಂದೇ ಓಟದಲ್ಲಿ ನೋಡಿದವರಿಗಿಂತ ಚೆನ್ನಾಗಿ ಕಲಿತಿದ್ದರು, ಅವರ ಆಸಕ್ತಿಯೂ ಕುಂದಿರಲಿಲ್ಲ. ನನ್ನ ಮಟ್ಟಿಗೆ ಈ ಮಾರ್ಗದರ್ಶಿಯ ತಿರುಳು ಇಷ್ಟೇ: ಕಲಿಕೆ ಆಗುವುದು ಹೆಡ್‌ಸೆಟ್ ತೆಗೆದ ಮೇಲೆ. ಹಾಕಿಕೊಂಡಾಗ ಸಿಗುವುದು ಕಲಿಕೆಗೆ ಬೇಕಾದ ಕಚ್ಚಾ ಸಾಮಗ್ರಿ ಮಾತ್ರ. ಪಾಠದ ಆಯ್ಕೆಯಿಂದ ಹಿಡಿದು ಪರೀಕ್ಷೆಯವರೆಗೆ ಎಲ್ಲವನ್ನೂ ಈ ತಿಳಿವಳಿಕೆಯ ಮೇಲೆ ಯೋಜಿಸಬೇಕು.

ಯಾವ ಪಾಠಕ್ಕೆ ಬೇಕು, ಯಾವುದಕ್ಕೆ ಬೇಡ

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 2003ರಿಂದ ವಿಆರ್ ಪ್ರಯೋಗಾಲಯವನ್ನು ನಡೆಸುತ್ತಿರುವ ಜೆರೆಮಿ ಬೈಲೆನ್ಸನ್ ಈ ಪ್ರಶ್ನೆಗೆ ನಾಲ್ಕು ಸಂದರ್ಭಗಳನ್ನು ಸೂಚಿಸುತ್ತಾರೆ: ನಿಜಜೀವನದಲ್ಲಿ ಮಾಡಿದರೆ ಅಪಾಯವಾಗುವುದು, ಮಾಡಲು ಸಾಧ್ಯವೇ ಇಲ್ಲದ್ದು, ಮಾಡಿದರೆ ಕೆಟ್ಟ ಪರಿಣಾಮವಾಗುವುದು, ಮತ್ತು ಮಾಡಲು ವಿಪರೀತ ಖರ್ಚಾಗುವುದು. ಬೆಂಕಿ ಬಿದ್ದ ಕಟ್ಟಡದಿಂದ ಹೊರಬರುವ ಅಭ್ಯಾಸ ಮೊದಲನೆಯದಕ್ಕೆ ಉದಾಹರಣೆಯಾದರೆ, ಜೀವಕೋಶದ ಒಳಗೆ ನಿಲ್ಲುವುದು ಎರಡನೆಯದಕ್ಕೆ. ಇವಕ್ಕೆ ನಾನು ಇನ್ನೊಂದು ಜರಡಿಯನ್ನು ಸೇರಿಸುತ್ತೇನೆ. ವಿಷಯವನ್ನು ಅರಿಯಲು ವಿದ್ಯಾರ್ಥಿ ತನ್ನ ತಲೆಯನ್ನೋ ದೇಹವನ್ನೋ ಸರಿಸಿ ಬೇರೆ ಕೋನದಿಂದ ನೋಡಬೇಕಾಗಿದೆಯೇ ಎಂದು ಕೇಳಿಕೊಳ್ಳಿ. ಅಣುವಿನ ಮೂರು ಆಯಾಮದ ರಚನೆ, ಹೃದಯದ ಕವಾಟಗಳ ಜೋಡಣೆ, ಗ್ರಹಗಳ ಚಲನೆ, ಕಟ್ಟಡದ ಒಳಾಂಗಣದ ಅಳತೆ, ಇವೆಲ್ಲ ಹೌದು ಎನ್ನುವ ಗುಂಪಿಗೆ ಸೇರುತ್ತವೆ. ರಾಸಾಯನಿಕ ಸಮೀಕರಣವನ್ನು ಸರಿದೂಗಿಸುವುದು, ವ್ಯಾಕರಣ, ಬೀಜಗಣಿತದ ಹಂತಗಳು ಸೇರುವುದಿಲ್ಲ. ತೇಲುವ ಹಲಗೆಯ ಮೇಲೆ ಬರೆದ ಸಮೀಕರಣ ಕೊನೆಗೂ ಹಲಗೆಯ ಮೇಲಿನ ಸಮೀಕರಣವೇ.

ಕೈಚಳಕದ ತರಬೇತಿಯಲ್ಲಿ ವಿಆರ್‌ನ ಫಲ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಯೇಲ್ ವಿಶ್ವವಿದ್ಯಾಲಯದಲ್ಲಿ ಶಸ್ತ್ರಚಿಕಿತ್ಸೆಯ 16 ಮಂದಿ ಕಿರಿಯ ವೈದ್ಯರ ಮೇಲೆ ನಡೆಸಿ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಮ್ಯುಲೇಟರ್‌ನಲ್ಲಿ ಮೊದಲೇ ಪಳಗಿದವರು ಪಿತ್ತಕೋಶವನ್ನು ಬಿಡಿಸುವ ಕೆಲಸವನ್ನು ಶೇ 29ರಷ್ಟು ಬೇಗ ಮುಗಿಸಿದರು, ಅವರ ತಪ್ಪುಗಳು ಇತರರ ತಪ್ಪುಗಳ ಆರನೆಯ ಒಂದು ಪಾಲಿನಷ್ಟಿದ್ದವು. ಅಲ್ಲಿ ಬಳಸಿದ್ದು ತಲೆಗೆ ತೊಡುವ ಹೆಡ್‌ಸೆಟ್ ಅಲ್ಲ, ಪರದೆಯ ಮುಂದಿನ ಕೈಉಪಕರಣಗಳು ಎಂಬುದನ್ನು ಗಮನಿಸಬೇಕು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ, ತಪ್ಪಿದರೆ ತಕ್ಷಣ ತಿಳಿಯುವ ಅವಕಾಶ ಅವರಿಗೆ ಸಿಕ್ಕಿತ್ತು. ಫಲ ಕೊಟ್ಟದ್ದು ಅದು.

ಸಾಧನ ಮತ್ತು ತಂತ್ರಾಂಶದ ಆಯ್ಕೆ

ಹೆಡ್‌ಸೆಟ್ಟುಗಳಲ್ಲಿ ಎರಡು ಬಗೆ ಇವೆ. ಒಂದರಲ್ಲಿ ತಲೆ ತಿರುಗಿಸಿದ್ದು ಮಾತ್ರ ಸಾಧನಕ್ಕೆ ತಿಳಿಯುತ್ತದೆ. ಇನ್ನೊಂದರಲ್ಲಿ ಒಂದು ಹೆಜ್ಜೆ ಮುಂದಿಟ್ಟದ್ದು, ಬಗ್ಗಿದ್ದು, ಪಕ್ಕಕ್ಕೆ ಸರಿದದ್ದು ಎಲ್ಲವೂ ತಿಳಿಯುತ್ತದೆ. 2014ರಲ್ಲಿ ಬಂದ ಗೂಗಲ್ ಕಾರ್ಡ್‌ಬೋರ್ಡ್‌ನಂತೆ ಫೋನನ್ನು ಒಳಗಿಟ್ಟು ನೋಡುವ ಪೆಟ್ಟಿಗೆಗಳು ಮೊದಲನೆಯ ಬಗೆಯವು. ಸುತ್ತಲೂ ತಿರುಗಿ ನೋಡಬಹುದಾದ 360 ಡಿಗ್ರಿ ವಿಡಿಯೊ ನೋಡಲು ಅವು ಸಾಕು. ವಸ್ತುವಿನ ಸುತ್ತ ನಡೆದು ಹಿಂಬದಿಯನ್ನು ನೋಡಬೇಕಾದ ಪಾಠಕ್ಕೆ ಎರಡನೆಯ ಬಗೆಯೇ ಬೇಕು. ಕೊಳ್ಳುವ ಮೊದಲು ಈ ವ್ಯತ್ಯಾಸವನ್ನು ವಿಚಾರಿಸದೆ, ನಡೆಯಲು ಬಾರದ ಹೆಡ್‌ಸೆಟ್ಟುಗಳನ್ನು ರಾಶಿ ಹಾಕಿಕೊಂಡು ಮರುಗುವವರುಂಟು.

ತಂತ್ರಾಂಶವನ್ನು ಆರಿಸುವಾಗ ಚಿತ್ರದ ಸೊಗಸಿಗೆ ಮರುಳಾಗದೆ ಮೂರು ಅಂಶಗಳನ್ನು ನೋಡಿ. ಪಾಠವನ್ನು ನಡುವೆ ನಿಲ್ಲಿಸಿ, ನಿಲ್ಲಿಸಿದಲ್ಲಿಂದಲೇ ಮುಂದುವರಿಸಲು ಬರಬೇಕು. ಹಿನ್ನೆಲೆಯಲ್ಲಿ ಕೇಳಿಬರುವ ವಿವರಣೆಯ ಧ್ವನಿಯನ್ನು ನಿಲ್ಲಿಸಲು ಆಗಬೇಕು. ವಿದ್ಯಾರ್ಥಿ ನೋಡುತ್ತಿರುವುದು ಹೊರಗಿನ ಪರದೆಯೊಂದರಲ್ಲಿ ಶಿಕ್ಷಕರಿಗೂ ಕಾಣಬೇಕು, ಇಲ್ಲದಿದ್ದರೆ “ಸರ್, ಆ ಕೆಂಪಗಿರುವುದು ಏನು?” ಎಂಬ ಪ್ರಶ್ನೆಗೆ ಊಹೆಯಲ್ಲೇ ಉತ್ತರ ಕೊಡಬೇಕಾಗುತ್ತದೆ. ಪಾಠ ಕಂಪನಿಯ ಸರ್ವರ್‌ನಲ್ಲಿದೆಯೋ ಸಾಧನದ ಒಳಗೇ ಇದೆಯೋ ಎಂಬುದೂ ಮುಖ್ಯವಾದದ್ದೇ. ತರಗತಿಗಳಿಗೆ ವಿಆರ್ ಪ್ರವಾಸಗಳನ್ನು ಒದಗಿಸುತ್ತಿದ್ದ ಗೂಗಲ್‌ನ ಎಕ್ಸ್‌ಪೆಡಿಶನ್ಸ್ ಆ್ಯಪ್ 2021ರ ಮಧ್ಯದಲ್ಲಿ ನಿಂತುಹೋದಾಗ, ಅದನ್ನೇ ನೆಚ್ಚಿ ಪಾಠಯೋಜನೆ ಬರೆದುಕೊಂಡಿದ್ದವರು ಹೊಸದಾಗಿ ಆರಂಭಿಸಬೇಕಾಯಿತು.

ಕಣ್ಣು, ತಲೆ, ಹೊಟ್ಟೆ

ಹೆಡ್‌ಸೆಟ್ ತೊಡಿಸುವುದು ಒಂದು ಕೆಲಸವೇ. ಅದಕ್ಕೆ ಸಮಯವನ್ನು ಮೊದಲೇ ಎತ್ತಿಡಬೇಕು. ಎರಡು ಕಣ್ಣುಪಾಪೆಗಳ ನಡುವಿನ ಅಂತರ ವಯಸ್ಕರಲ್ಲಿ ಸರಾಸರಿ 63 ಮಿಲಿಮೀಟರ್ ಇರುತ್ತದೆ, ಮಕ್ಕಳಲ್ಲಿ ಅದಕ್ಕಿಂತ ಕಡಿಮೆ. ಲೆನ್ಸುಗಳ ನಡುವಿನ ದೂರವನ್ನು ಇದಕ್ಕೆ ಹೊಂದಿಸದಿದ್ದರೆ ಚಿತ್ರ ಮಸುಕಾಗಿ, ಕೆಲವೇ ನಿಮಿಷಗಳಲ್ಲಿ ಕಣ್ಣು ದಣಿಯುತ್ತದೆ. ಪಟ್ಟಿಯನ್ನು ಬಿಗಿಯುವ ಮೊದಲು ಹೆಡ್‌ಸೆಟ್ಟನ್ನು ಮುಖದ ಮೇಲಿಟ್ಟು ಮೇಲಕ್ಕೂ ಕೆಳಕ್ಕೂ ಸರಿಸಿ, ಅಕ್ಷರಗಳು ಚೂಪಾಗಿ ಕಾಣುವ ಜಾಗದಲ್ಲಿ ನಿಲ್ಲಿಸಲು ವಿದ್ಯಾರ್ಥಿಗೇ ಹೇಳಿ. ಬಹಳಷ್ಟು ಮಕ್ಕಳು ಮಸುಕಾದ ಚಿತ್ರವನ್ನೇ ಸರಿಯೆಂದುಕೊಂಡು, ಏನೂ ಹೇಳದೆ ಇಡೀ ಪಾಠವನ್ನು ಮುಗಿಸಿಬಿಡುತ್ತಾರೆ. ಅದಕ್ಕಾಗಿ ಪರದೆಯ ಮೇಲಿನ ಒಂದು ಸಣ್ಣ ಸಾಲನ್ನು ಗಟ್ಟಿಯಾಗಿ ಓದಿಸುವುದು ಒಳ್ಳೆಯ ಉಪಾಯ.

ತಲೆಸುತ್ತು, ವಾಕರಿಕೆ ಬರುವುದಕ್ಕೆ ಕಾರಣ ಕಣ್ಣಿಗೂ ಒಳಗಿವಿಗೂ ಬೀಳುವ ತಕರಾರು. ದೃಶ್ಯ ಓಡುತ್ತಿದೆಯೆಂದು ಕಣ್ಣು ಹೇಳಿದರೆ, ದೇಹ ಕದಲಿಲ್ಲವೆಂದು ಒಳಗಿವಿಯಲ್ಲಿರುವ ಸಮತೋಲನದ ಅಂಗ ಹೇಳುತ್ತದೆ. ಆದ್ದರಿಂದ ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ನ ಗುಂಡಿ ಒತ್ತಿ ದೃಶ್ಯದೊಳಗೆ ಜಾರಿಕೊಂಡು ಹೋಗುವ ಪಾಠಗಳನ್ನು ಬಿಟ್ಟು, ವಿದ್ಯಾರ್ಥಿ ನಿಂತಲ್ಲಿಂದಲೇ ನೋಡುವ ಅಥವಾ ತನ್ನ ಕಾಲಿನಿಂದಲೇ ನಡೆಯುವ ಪಾಠಗಳನ್ನು ಆರಿಸಿ. ತಲೆ ತಿರುಗಿಸಿದ್ದಕ್ಕೂ ಚಿತ್ರ ಬದಲಾಗುವುದಕ್ಕೂ ನಡುವಿನ ವಿಳಂಬ 20 ಮಿಲಿಸೆಕೆಂಡಿನೊಳಗೆ ಇರಬೇಕೆಂಬುದು ತಯಾರಕರ ಗುರಿ. ಹಳೆಯ ಫೋನುಗಳಲ್ಲಿ ಇದು ಸಾಧ್ಯವಾಗದ ಕಾರಣ ಅವುಗಳಲ್ಲಿ ನೋಡಿದಾಗ ತಲೆ ಬೇಗ ಸುತ್ತುತ್ತದೆ. ಬೆವರುವುದು, ಮುಖ ಬಿಳಿಚುವುದು, ಪದೇ ಪದೇ ಉಗುಳು ನುಂಗುವುದು ಮೊದಲ ಸೂಚನೆಗಳು. ಕಂಡ ಕೂಡಲೇ ಹೆಡ್‌ಸೆಟ್ ತೆಗೆಸಿ. “ಇನ್ನೊಂದು ನಿಮಿಷ, ಮುಗಿಯಿತು” ಎಂದು ಒತ್ತಾಯಿಸಿದರೆ ಮುಂದಿನ ಸಲ ಆ ವಿದ್ಯಾರ್ಥಿ ಹೆಡ್‌ಸೆಟ್ಟನ್ನು ಮುಟ್ಟುವುದೇ ಇಲ್ಲ.

ಮಿಂಚುವ ಬೆಳಕಿನಿಂದ ಅಪಸ್ಮಾರದ ತೊಂದರೆಯಾಗುವವರಿಗೆ ವಿಆರ್ ಬೇಡ. ಇದನ್ನು ಪಾಲಕರಿಂದ ಮೊದಲೇ ಕೇಳಿ ತಿಳಿದುಕೊಳ್ಳಬೇಕು. ತಯಾರಕರು ಹೇಳಿರುವ ಕನಿಷ್ಠ ವಯಸ್ಸಿಗಿಂತ ಚಿಕ್ಕವರಿಗೂ ಕೊಡಬಾರದು. ಕ್ವೆಸ್ಟ್ ಹೆಡ್‌ಸೆಟ್ಟುಗಳನ್ನು ತಯಾರಿಸುವ ಮೆಟಾ ಕಂಪನಿ 13 ಎಂದಿದ್ದ ಮಿತಿಯನ್ನು 2023ರಲ್ಲಿ ಪಾಲಕರ ನಿಯಂತ್ರಣದ ಖಾತೆಗಳಿಗೆ ಮಾತ್ರ 10ಕ್ಕೆ ಇಳಿಸಿತು. ಬೇರೆ ಕಂಪನಿಗಳ ಮಿತಿಗಳು ಬೇರೆ. ಒಬ್ಬೊಬ್ಬರಿಗೆ ಸುಮಾರು 2 ಮೀಟರ್ ಉದ್ದಗಲದ ತೆರವು ಜಾಗ ಬೇಕು, ಜಾಗವಿಲ್ಲದಿದ್ದರೆ ತಿರುಗುವ ಕುರ್ಚಿ ಸಾಕು. ಮುಖಕ್ಕೆ ತಾಗುವ ಭಾಗವನ್ನು ಪ್ರತಿ ವಿದ್ಯಾರ್ಥಿಯ ನಂತರ ಒರೆಸಬೇಕು, ಲೆನ್ಸನ್ನು ಮಾತ್ರ ಒಣ ಮೆದು ಬಟ್ಟೆಯಿಂದ. ಬಿಸಿಲು ಬೀಳುವ ಕಿಟಕಿಯ ಬಳಿ ಹೆಡ್‌ಸೆಟ್ ಇಡಲೇಬಾರದು: ಲೆನ್ಸು ಭೂತಗನ್ನಡಿಯಂತೆ ಬಿಸಿಲನ್ನು ಒಂದೆಡೆ ಸೇರಿಸಿ ಒಳಗಿನ ಪರದೆಯನ್ನು ಸುಟ್ಟುಬಿಡುತ್ತದೆ.

ಒಂದು ಪಾಠ, ಮೊದಲಿಂದ ಕೊನೆಯವರೆಗೆ

ಚಂದ್ರನ ವೃದ್ಧಿ ಕ್ಷಯಗಳ ಪಾಠವನ್ನು ತೆಗೆದುಕೊಳ್ಳೋಣ. ನೋಡುವ ಜಾಗ ಬದಲಾದ ಹೊರತು ಅರ್ಥವಾಗದ ವಿಷಯವಾದ್ದರಿಂದ ಇದು ವಿಆರ್‌ಗೆ ತಕ್ಕ ಪಾಠ.

ಹೆಡ್‌ಸೆಟ್ಟುಗಳನ್ನು ಪೆಟ್ಟಿಗೆಯಿಂದ ತೆಗೆಯುವ ಮೊದಲೇ ಒಂದು ಪ್ರಶ್ನೆ ಕೊಡಿ: ಅಷ್ಟಮಿಯ ದಿನ ಚಂದ್ರ ಅರ್ಧವೇ ಕಾಣುವುದೇಕೆ? ಉತ್ತರವನ್ನು ಚಿತ್ರ ಬಿಡಿಸಿ ತೋರಿಸಲು ಹೇಳಿ. ಹಲವರು ಭೂಮಿಯ ನೆರಳು ಚಂದ್ರನ ಮೇಲೆ ಬಿದ್ದಂತೆ ಬರೆಯುತ್ತಾರೆ. ಅದನ್ನು ಆಗಲೇ ತಿದ್ದಬೇಡಿ, ಕಾಗದವನ್ನು ಮಾತ್ರ ಇಟ್ಟುಕೊಳ್ಳಿ. ತನ್ನ ಊಹೆಯನ್ನು ಬರೆದಿಡದೆ ಒಳಹೊಕ್ಕ ವಿದ್ಯಾರ್ಥಿ ಅಲ್ಲಿ ಕಂಡದ್ದನ್ನು ತನ್ನ ಹಳೆಯ ನಂಬಿಕೆಗೇ ಹೊಂದಿಸಿಕೊಂಡು, “ನನಗೆ ಮೊದಲೇ ಗೊತ್ತಿತ್ತು” ಎಂದು ಹೊರಬರುವ ಸಂಭವವೇ ಹೆಚ್ಚು. ಕಂಟ್ರೋಲರ್ ಬಳಸುವುದನ್ನು ಈ ದಿನ ಕಲಿಸಬಾರದು. ಅದಕ್ಕೆ ಹಿಂದಿನ ವಾರವೇ ಪಾಠವಿಲ್ಲದ ಒಂದು ಅವಧಿಯನ್ನು ಕೊಟ್ಟು, ಸುತ್ತ ನೋಡಿ, ಗುಂಡಿ ಒತ್ತಿ, ಬೆರಗಾಗಿ ಮುಗಿಸಿಬಿಡಲಿ. ಮನಸ್ಸು ಒಂದು ಹೊತ್ತಿಗೆ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಬೆರಳೆಣಿಕೆಯಷ್ಟು; ಶಿಕ್ಷಣ ಮನೋವಿಜ್ಞಾನಿ ಜಾನ್ ಸ್ವೆಲ್ಲರ್ 1988ರಿಂದ ಬೆಳೆಸಿದ ಅರಿವಿನ ಹೊರೆಯ ಸಿದ್ಧಾಂತ ನಿಂತಿರುವುದು ಈ ಮಿತಿಯ ಮೇಲೆ. ಯಾವ ಗುಂಡಿ ಒತ್ತಬೇಕೆಂಬ ಚಿಂತೆ ಆ ಜಾಗವನ್ನು ತುಂಬಿದರೆ ಚಂದ್ರನಿಗೆ ಜಾಗವಿರುವುದಿಲ್ಲ.

ಮೊದಲ ತುಂಡು ನಾಲ್ಕು ನಿಮಿಷ ಸಾಕು. ವಿದ್ಯಾರ್ಥಿ ಭೂಮಿ ಚಂದ್ರರನ್ನು ಮೇಲಿನಿಂದ ನೋಡುವ ಜಾಗದಲ್ಲಿ ನಿಲ್ಲಲಿ. ಅವನಿಗೆ ಒಂದೇ ಕೆಲಸ ಕೊಡಿ: ಚಂದ್ರ ಒಂದು ಸುತ್ತು ಬರುವಾಗ ಅದರ ಎಷ್ಟು ಭಾಗಕ್ಕೆ ಬಿಸಿಲು ಬೀಳುತ್ತದೆ ಎಂದು ನೋಡಿಕೊಂಡು ಬರುವುದು. ಈ ನಾಲ್ಕು ನಿಮಿಷ ಶಿಕ್ಷಕರು ಆದಷ್ಟೂ ಮೌನವಾಗಿರುವುದು ಲೇಸು. ಕಣ್ಣೆದುರಿನ ದೃಶ್ಯ, ಒಳಗಿನ ಧ್ವನಿ, ಹೊರಗಿನ ನಿಮ್ಮ ಮಾತು ಮೂರೂ ಒಟ್ಟಿಗೆ ಬಂದರೆ ಅವನು ಮೊದಲು ಬಿಡುವುದು ನಿಮ್ಮ ಮಾತನ್ನು. ನಂತರ ಹೆಡ್‌ಸೆಟ್ ತೆಗೆಸಿ, ಐದು ನಿಮಿಷ ಚಿತ್ರ ಬಿಡಿಸಲು ಕೊಡಿ.

ಹೀಗೆ ನಡೆದ ಒಂದು ತರಗತಿಯಲ್ಲಿ ಹುಡುಗಿಯೊಬ್ಬಳು ನಾಲ್ಕು ಚಂದ್ರರನ್ನು ಬರೆದು, ಎಲ್ಲದರಲ್ಲೂ ಸೂರ್ಯನ ಕಡೆಯ ಅರ್ಧವನ್ನು ಬಿಳಿಯಾಗಿ ಬಿಟ್ಟಳು. ಐದನೆಯದಕ್ಕೆ ಬಂದಾಗ ಪೆನ್ಸಿಲ್ ನಿಂತಿತು. ಹೆಡ್‌ಸೆಟ್ಟಿನೊಳಗೆ ತಾನು ನಿಂತಿದ್ದ ದಿಕ್ಕಿಗೆ ಭುಜವನ್ನು ತಿರುಗಿಸಿ, ಎಡಗೈಯನ್ನು ಸೂರ್ಯನಿದ್ದ ಕಡೆಗೆ ಚಾಚಿ, ಒಂದು ಕ್ಷಣ ಹಾಗೆಯೇ ಇದ್ದು, ಮತ್ತೆ ಕಾಗದಕ್ಕೆ ಬಗ್ಗಿ ಅದನ್ನೂ ಅರ್ಧ ಬಿಳಿ ಮಾಡಿದಳು. ಆಮೇಲೆ ತನ್ನ ಮೊದಲಿನ ಕಾಗದವನ್ನು ಕೇಳಿ ಪಡೆದು, ಅದರಲ್ಲಿದ್ದ ಭೂಮಿಯ ನೆರಳಿಗೆ ಅಡ್ಡಗೆರೆ ಎಳೆದಳು. ಸ್ಲೈಡು ನೋಡಿ ಬರೆದವರಲ್ಲಿ ಭುಜ ತಿರುಗಿಸಿದವರನ್ನು ನಾನು ಕಂಡಿಲ್ಲ.

ಎರಡನೆಯ ತುಂಡಿನಲ್ಲಿ ವಿದ್ಯಾರ್ಥಿ ಭೂಮಿಯ ಮೇಲೆ ನಿಂತು ಚಂದ್ರನನ್ನು ನೋಡಬೇಕು. ಅಮಾವಾಸ್ಯೆ, ಶುಕ್ಲಪಕ್ಷದ ಅಷ್ಟಮಿ, ಹುಣ್ಣಿಮೆ, ಕೃಷ್ಣಪಕ್ಷದ ಅಷ್ಟಮಿ, ಈ ನಾಲ್ಕು ಕಡೆ ಕಾಲವನ್ನು ನಿಲ್ಲಿಸಿ ನೋಡಿಸಿ. ಹೊರಬಂದ ಮೇಲೆ ಈ ಬಾರಿ ಚಿತ್ರ ಬೇಡ. ಜೊತೆಗಾರನಿಗೆ ಬಾಯಿಮಾತಿನಲ್ಲಿ, ಕೈಸನ್ನೆಯೂ ಸೇರಿದಂತೆ, ವಿವರಿಸಲಿ. ವಿವರಿಸುವಾಗ ತೊಡರಿದ ಜಾಗವೇ ಅರ್ಥವಾಗದ ಜಾಗ. ಅಷ್ಟನ್ನು ಮಾತ್ರ ಮತ್ತೊಮ್ಮೆ ಒಳಗೆ ಹೋಗಿ ನೋಡಿ ಬರಲು ಬಿಡಿ.

ಈ ಪಾಠದಲ್ಲಿ ತಂತ್ರಾಂಶವೇ ತಪ್ಪು ಕಲಿಸುವ ಒಂದು ಸಂದರ್ಭವಿದೆ. ಎರಡೂ ಗೋಳಗಳು ಒಂದೇ ನೋಟದಲ್ಲಿ ಕಾಣಲೆಂದು ಬಹುಪಾಲು ಪಾಠಗಳು ಚಂದ್ರನನ್ನು ಭೂಮಿಯ ಬಗಲಿಗೇ ತಂದು ನಿಲ್ಲಿಸುತ್ತವೆ. ಇದನ್ನು ಕಂಡವರಿಗೆ ಪ್ರತಿ ಹುಣ್ಣಿಮೆಯಲ್ಲೂ ಗ್ರಹಣವಾಗಲೇಬೇಕು ಎನಿಸುತ್ತದೆ. ನಿಜದಲ್ಲಿ ಚಂದ್ರನಿರುವುದು ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿ, ಅಂದರೆ ನಡುವೆ ಸುಮಾರು ಮೂವತ್ತು ಭೂಮಿಗಳನ್ನು ಸಾಲಾಗಿ ಇಡಬಹುದಾದಷ್ಟು ಆಚೆ. ಅದರ ಹಾದಿಯೂ ಭೂಮಿಯ ಹಾದಿಗೆ ಸುಮಾರು 5 ಡಿಗ್ರಿ ವಾಲಿಕೊಂಡಿದೆ. ಆದ್ದರಿಂದ ಕೊನೆಯಲ್ಲಿ ಹೆಡ್‌ಸೆಟ್ಟುಗಳನ್ನೆಲ್ಲ ಬದಿಗಿಟ್ಟು, 30 ಸೆಂಟಿಮೀಟರ್ ಅಗಲದ ಚೆಂಡೊಂದನ್ನು ಕೋಣೆಯ ಈ ತುದಿಯಲ್ಲೂ 8 ಸೆಂಟಿಮೀಟರಿನದ್ದನ್ನು 9 ಮೀಟರ್ ದೂರದ ಆ ತುದಿಯಲ್ಲೂ ಹಿಡಿಸಿ ತೋರಿಸಿ. ಯಾವ ವಿಆರ್ ಪಾಠವನ್ನಾದರೂ ತರಗತಿಗೆ ತರುವ ಮುನ್ನ ಅದು ಅಳತೆ, ವೇಗ, ಬಣ್ಣಗಳಲ್ಲಿ ಎಲ್ಲಿ ಸುಳ್ಳು ಹೇಳಿದೆ ಎಂದು ಹುಡುಕಿ, ವಿದ್ಯಾರ್ಥಿಗಳಿಗೆ ಬಾಯಿಬಿಟ್ಟು ಹೇಳಬೇಕು. ಕಣ್ಣಾರೆ ಕಂಡದ್ದನ್ನು ಅಳಿಸುವುದು ಓದಿದ್ದನ್ನು ಅಳಿಸುವುದಕ್ಕಿಂತ ಕಷ್ಟ.

ಸಮಯದ ಲೆಕ್ಕವನ್ನೂ ಹಾಕಿಕೊಳ್ಳಿ. ಐದು ಹೆಡ್‌ಸೆಟ್, 30 ವಿದ್ಯಾರ್ಥಿಗಳು ಇದ್ದಾರೆಂದು ಭಾವಿಸೋಣ. ಒಂದು ಹೆಡ್‌ಸೆಟ್ಟಿಗೆ ಇಬ್ಬರಂತೆ ಜೋಡಿ ಮಾಡಿ, ಒಬ್ಬ ಒಳಗಿದ್ದಾಗ ಇನ್ನೊಬ್ಬ ಅವನು ಹೇಳಿದ್ದನ್ನು ಬರೆದುಕೊಳ್ಳುತ್ತ, ಗೋಡೆಗೆ ತಾಗದಂತೆ ನೋಡಿಕೊಳ್ಳಲಿ. ತೊಡುವ, ಬಿಚ್ಚುವ ಸಮಯ ಸೇರಿ ಹತ್ತು ಮಂದಿಗೆ ಸುಮಾರು 12 ನಿಮಿಷ ಬೇಕು, ಮೂರು ಸರದಿಗೆ 36 ನಿಮಿಷ. ಅಂದರೆ ಒಂದು ಪೀರಿಯಡ್ಡಿನಲ್ಲಿ ಒಂದೇ ತುಂಡು ಮುಗಿಯುತ್ತದೆ. ಸರದಿಗೆ ಕಾಯುವವರು ಚಿತ್ರ ಬಿಡಿಸುವ, ವಿವರಿಸುವ ಕೆಲಸದಲ್ಲಿರಬೇಕೇ ಹೊರತು ಸುಮ್ಮನೆ ಕುಳಿತಿರಬಾರದು. ತಲೆಸುತ್ತಿನಿಂದಲೋ ಬೇರೆ ಕಾರಣದಿಂದಲೋ ಹೆಡ್‌ಸೆಟ್ ತೊಡಲಾಗದವರಿಗೆ ಅದೇ ದೃಶ್ಯವನ್ನು ಪರದೆಯಲ್ಲಿ, ಅದೇ ಕೆಲಸದೊಂದಿಗೆ ಕೊಡಿ. ಮೇಲೆ ಹೇಳಿದ ಅಧ್ಯಯನಗಳನ್ನು ನೆನೆದರೆ, ಅವರಿಗೆ ನಷ್ಟವಾಯಿತೆಂದು ಮರುಗಲು ಕಾರಣವೂ ಇಲ್ಲ.

ಕಲಿತದ್ದನ್ನು ಅಳೆಯುವುದು

“ಹೇಗಿತ್ತು?” ಎಂದು ಕೇಳಿದರೆ “ಚೆನ್ನಾಗಿತ್ತು” ಎಂಬ ಉತ್ತರವೇ ಬರುತ್ತದೆ. ಅದನ್ನು ಕಲಿಕೆಯ ಲೆಕ್ಕಕ್ಕೆ ಹಿಡಿಯಬಾರದು. ಅಳೆಯಬೇಕಾದದ್ದು ಮೂರು ಹೊತ್ತಿನಲ್ಲಿ: ಪಾಠಕ್ಕೆ ಮೊದಲು, ಪಾಠದ ದಿನ, ಮತ್ತು ಮೂರು ವಾರಗಳ ನಂತರ. ಹೊಸತನದ ಹುರುಪು ಇಳಿದ ಮೇಲೂ ಉಳಿದದ್ದು ಯಾವುದೆಂದು ಹೇಳುವುದು ಮೂರನೆಯದೇ. ಶಾಲೆಗಳಲ್ಲಿ ಬಿಟ್ಟುಹೋಗುವುದೂ ಅದೇ. ಪ್ರಶ್ನೆಗಳನ್ನು ಹೆಡ್‌ಸೆಟ್ ಇಲ್ಲದೆ, ಕಾಗದದ ಮೇಲೆ ಕೊಡಿ. ಅವುಗಳಲ್ಲಿ ಒಂದಾದರೂ ಪಾಠದಲ್ಲಿ ನೇರವಾಗಿ ಕಾಣದ ಸನ್ನಿವೇಶದ್ದಾಗಿರಲಿ. ನಮಗೆ ಅಮಾವಾಸ್ಯೆಯಾದ ದಿನ ಚಂದ್ರನ ಮೇಲೆ ನಿಂತವನಿಗೆ ಭೂಮಿ ಹೇಗೆ ಕಾಣುತ್ತದೆ ಎಂದು ಕೇಳಿ ನೋಡಿ. ಭೂಮಿ ತುಂಬುಬಿಂಬವಾಗಿ ಕಾಣುತ್ತದೆ ಎಂಬುದು ಸರಿಯುತ್ತರ. ಅಮಾವಾಸ್ಯೆ ಎಂದರೆ ಸೂರ್ಯ ಚಂದ್ರರು ಒಂದೇ ಕಡೆ ಇರುವುದು ಎಂದು ಬಾಯಿಪಾಠ ಮಾಡಿದವನು ಇಲ್ಲಿ ತೊಡರುತ್ತಾನೆ, ನೋಡುವ ಜಾಗವನ್ನು ಮನಸ್ಸಿನಲ್ಲೇ ಬದಲಿಸಿಕೊಳ್ಳಬಲ್ಲವನು ತೊಡರುವುದಿಲ್ಲ.

ಸಾಧ್ಯವಿದ್ದರೆ ಒಂದು ವಿಭಾಗಕ್ಕೆ ವಿಆರ್‌ನಿಂದಲೂ ಇನ್ನೊಂದಕ್ಕೆ ದೀಪ ಮತ್ತು ಚೆಂಡುಗಳಿಂದಲೂ ಅದೇ ಪಾಠವನ್ನು ಮಾಡಿ. ಹೋಲಿಕೆ ನ್ಯಾಯವಾಗಬೇಕಾದರೆ ಶಿಕ್ಷಕರು, ಸಮಯ, ಚಿತ್ರ ಬಿಡಿಸುವ ಮತ್ತು ವಿವರಿಸುವ ಕೆಲಸ ಎಲ್ಲವೂ ಎರಡೂ ಕಡೆ ಒಂದೇ ಆಗಿರಬೇಕು. ವಿಆರ್ ಗುಂಪಿಗೆ ಎರಡು ಪೀರಿಯಡ್ ಕೊಟ್ಟು ಇನ್ನೊಂದಕ್ಕೆ ಒಂದೇ ಪೀರಿಯಡ್ ಕೊಟ್ಟರೆ ನೀವು ಅಳೆದದ್ದು ವಿಆರ್‌ನ ಫಲವಲ್ಲ, ಪೀರಿಯಡ್ಡಿನ ಫಲ. ಸರಾಸರಿ ಅಂಕಗಳನ್ನಷ್ಟೇ ನೋಡಿ ಬಿಡದೆ, ಮೊದಲ ಕಾಗದದಲ್ಲಿ ಭೂಮಿಯ ನೆರಳನ್ನು ಬರೆದಿದ್ದವರು ಮೂರನೆಯ ವಾರದಲ್ಲಿ ಏನು ಬರೆದಿದ್ದಾರೆ ಎಂದು ಒಬ್ಬೊಬ್ಬರದ್ದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ದೀಪ ಮತ್ತು ಚೆಂಡಿನ ಗುಂಪು ಅಷ್ಟೇ ಚೆನ್ನಾಗಿ ಉತ್ತರಿಸಿದ್ದರೆ, ಮುಂದಿನ ಬಾರಿ ಈ ಪಾಠಕ್ಕೆ ದೀಪವೂ ಚೆಂಡುಗಳೂ ಸಾಕು. ಹೆಡ್‌ಸೆಟ್ಟುಗಳನ್ನು ಚೆಂಡಿನಿಂದ ತೋರಿಸಲಾಗದ ಹೃದಯದ ಕವಾಟಗಳ ಪಾಠಕ್ಕೆ ಚಾರ್ಜ್ ಮಾಡಿಡಿ.